ಮಾರ್ದನಿ ಕೊಡದವರು

ಕೊರಳಿಗೆ ದುರ್ಬೀನು ತೂಗಿಸಿಕೊಂಡು ತಿಕೋಟಾದ ಕಡೆಯ ಮಡ್ಡಿಯಲ್ಲಿ ನಿಂತರೆ ಹತ್ತು ನಿಮಿಷಕ್ಕೊಂದು ಬೈಕು ಬಂದು ನಿಲ್ಲುತ್ತದೆ. “ಕಾಲಿವಿ ಯಾವ ಕಡಿಂದ ಹೊಂಟೈತ್ರಿ ಸಾಹೇಬ್ರ?” ಏತ ನೀರಾವರಿ ಬಂದಾಗಿನಿಂದ ನಮ್ಮ ಸೀಮೆಯಲ್ಲಿ ಕಣ್ಣಿಗೆ ಯಂತ್ರ ಹಚ್ಚಿಕೊಂಡವನೆಂದರೆ ಸರ್ವೇದವನೇ. ಹಕ್ಕಿ ನೋಡಲು ಬಂದಿದ್ದೇನೆ ಎಂದರೆ ಗುಮಾನಿ ಇನ್ನೂ ಗಟ್ಟಿಯಾಗುತ್ತದೆ: ಈತ ಏನೋ ಮುಚ್ಚಿಡುತ್ತಿದ್ದಾನೆ, ಹೊಲ ಹೋಗುವುದು ಖರೆ. ಒಮ್ಮೆ ಮಾತ್ರ ಒಬ್ಬ ಹಿರಿಯರು ನನ್ನ ಮಾತು ನಂಬಿದರು. ನಂಬಿ, ಬಹಳ ಕನಿಕರದಿಂದ ಕೇಳಿದರು: “ಹಕ್ಕಿ ನೋಡಾಕ ಇಲ್ಲೀತನ ಬರಬೇಕೇನ್ರಿ? ನಿಮ್ಮ ಮನೀ ಮ್ಯಾಲ ಕೂಡೂದಿಲ್ಲೇನು?”

ಕೂಡುತ್ತವೆ. ವಿಜಯಪುರದ ನನ್ನ ಮನೆಯ ಮುಂದಿನ ಬೇವಿನ ಪೊಟರೆಯಲ್ಲಿ ಒಂದು ಜೋಡಿ ಹಾಲಕ್ಕಿ ಇವೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಹೊರಬಂದು ಕೇಬಲ್ ತಂತಿಯ ಮೇಲೆ ಕುಳಿತು, ಕುತ್ತಿಗೆಯನ್ನಷ್ಟೇ ತಿರುಗಿಸಿ ನನ್ನನ್ನು ನೋಡುತ್ತದೆ. ಬುಡಬುಡಿಕೆಯವರು ಅದರ ನುಡಿ ಕೇಳಿ ನಮ್ಮ ಭವಿಷ್ಯ ಹೇಳುತ್ತಿದ್ದರು. ಹಾಲಕ್ಕಿ ತನ್ನ ಪಾಡಿಗೆ ಚೀರಿದ್ದನ್ನು ನಮ್ಮ ಸುದ್ದಿ ಮಾಡಿಕೊಳ್ಳುವುದರಲ್ಲಿ ಮನುಷ್ಯರದು ಎತ್ತಿದ ಕೈ. ಇದು ಬುಡಬುಡಿಕೆಯವರ ದೋಷವೇನಲ್ಲ, ನಮ್ಮೂರಿನ ನೀರಿನ ಗುಣ ಅಂತ ನನಗೆ ಅನ್ನಿಸಿದ್ದಿದೆ. ಯಾಕೆ ಅಂದರೆ, ನಮ್ಮದು ಮಾರ್ದನಿಯ ಊರು.

ಗೋಳಗುಮ್ಮಟಕ್ಕೆ ಹೋದವರು ಏನು ಮಾಡುತ್ತಾರೆ? ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಪಿಸುಗುಟ್ಟುವ ಮೊಗಸಾಲೆಗೆ ಬಂದು ತಮ್ಮ ಹೆಸರನ್ನೇ ಕೂಗುತ್ತಾರೆ. ಇಲ್ಲವೆ ಜೊತೆಗಿದ್ದವರ ಹೆಸರು. 1656ರಲ್ಲಿ ಮಹಮ್ಮದ ಆದಿಲ್‌ಶಾಹನ ಗೋರಿಯ ಮೇಲೆ ಎದ್ದುನಿಂತ, ಹೊರಗಿನಿಂದ 44 ಮೀಟರು ಅಡ್ಡಳತೆಯ ಆ ಗುಮ್ಮಟ ಕೂಗಿದ್ದನ್ನು ಏಳು ಸಲ ಹಿಂದಿರುಗಿಸುತ್ತದೆ ಎಂದು ಗೈಡುಗಳು ಎಣಿಸಿ ತೋರಿಸುತ್ತಾರೆ. ಸಾಲಿ ಹುಡುಗರು ಬಂದ ದಿನ ಏಳೆಂಟೆಲ್ಲ ಕಲಸಿಹೋಗಿ ಬರೀ ಗದ್ದಲ. ನಾನೂ ಕೂಗಿದ್ದೇನೆ, ಸಣ್ಣವನಿದ್ದಾಗ. ನನ್ನ ಹೆಸರು ಇಷ್ಟು ದೊಡ್ಡದಿದೆಯೇ ಅಂತ ಹಿಗ್ಗಿದ್ದು ನೆನಪಿದೆ.

ಆ ಮೊಗಸಾಲೆಯಿಂದ ಸಣ್ಣ ಬಾಗಿಲಲ್ಲಿ ಬಗ್ಗಿ ಹೊರಗಿನ ಮಾಳಿಗೆಗೆ ಬಂದರೆ ಬೇರೆಯದೇ ಸದ್ದು. ಸಂಜೆಯಾಗಿದ್ದರೆ ಬಾನಾಡಿಗಳು ಗುಂಪು ಗುಂಪಾಗಿ ಕುಡುಗೋಲಿನಂಥ ರೆಕ್ಕೆ ಬೀಸುತ್ತ, ಕೀರಲು ದನಿಯಲ್ಲಿ ಚೀರುತ್ತ ಗೋಪುರಗಳ ಸುತ್ತ ಸುತ್ತುತ್ತಿರುತ್ತವೆ. ಊರುಗಳು ಹುಟ್ಟುವ ಮೊದಲು ಇವು ಬಂಡೆಗಳ ಪಡಕಿನಲ್ಲಿ ಗೂಡು ಕಟ್ಟುತ್ತಿದ್ದವು. ಈಗ ಕಮಾನುಗಳ ಅಡಿ, ಗಚ್ಚಿನ ಸಂದಿಯಲ್ಲಿ, ಹಾರುತ್ತಲೇ ಹಿಡಿದ ಪುಕ್ಕ, ಕಸಕಡ್ಡಿಗಳನ್ನು ಎಂಜಲಿನಿಂದ ಅಂಟಿಸಿ ಕಟ್ಟುತ್ತವೆ. ತಂತಿಯ ಮೇಲೆ ಗುಬ್ಬಿಯಂತೆ ಕೂಡಲು ಆಗದ ಕಾಲು ಅವಕ್ಕೆ. ಕೂಡುವುದಿದ್ದರೆ ಗೋಡೆಗೆ ಉಗುರು ಊರಿ ತೂಗಬೇಕು. ಅವುಗಳ ಲೆಕ್ಕದಲ್ಲಿ ಇದು ಸುಲ್ತಾನನ ಸಮಾಧಿಯೂ ಅಲ್ಲ, ಜಗತ್ತಿನ ಸೋಜಿಗವೂ ಅಲ್ಲ. ಬಯಲು ನೆಲದಲ್ಲಿ ಯಾರೋ ಪುಣ್ಯಾತ್ಮರು ನಿಲ್ಲಿಸಿಕೊಟ್ಟ ಒಂದು ಒಳ್ಳೆಯ ಬಂಡೆ. ಒಂದು ಸಂಜೆ ಅಲ್ಲಿ ನಿಂತಾಗ ಬೆನ್ನ ಹಿಂದೆ ಗುಮ್ಮಟದೊಳಗಿಂದ ಯಾರದೋ ಹೆಸರು ಏಳು ಸಲ ಬರುತ್ತಿತ್ತು. ಮುಖದ ಮುಂದೆ ಬಾನಾಡಿಗಳು ಒಂದು ಮೊಳ ದೂರದಲ್ಲಿ ಗಾಳಿ ಸೀಳಿಕೊಂಡು ಹೋಗುತ್ತಿದ್ದವು. ನಾನು ಅಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ಅವಕ್ಕೆ ಯಾವ ಫರಕೂ ಇರಲಿಲ್ಲ. ಹುಡುಗನಾಗಿದ್ದಾಗಿನ ಹಿಗ್ಗಿಗಿಂತ ಆ ಫರಕಿಲ್ಲದಿರುವುದೇ ನನಗೆ ಹೆಚ್ಚು ಸುಖ ಕೊಟ್ಟಿತು. ಯಾಕೆಂದು ಆಗ ತಿಳಿಯಲಿಲ್ಲ.

ಕನ್ನಡದಲ್ಲಿ ಇಂಥ ಅನುಭವಕ್ಕೆ ಮೂರು ಮಾತುಗಳಿವೆ. ಅಚ್ಚರಿ, ಸೋಜಿಗ, ಬೆರಗು. ಅಚ್ಚರಿಪಟ್ಟವನು ಮರುಗಳಿಗೆ ಅದನ್ನು ಇನ್ನೊಬ್ಬರಿಗೆ ಹೇಳಲು ಓಡುತ್ತಾನೆ. ಸೋಜಿಗವನ್ನು ಕಥೆ ಮಾಡಿ ಕಟ್ಟೆಯ ಮೇಲೆ ಕುಳಿತು ಹೇಳಬಹುದು. ಬೆರಗಿಗೆ ಮಾತ್ರ ನಾವು ಕೊಡುವ ಕ್ರಿಯಾಪದ ‘ನಿಲ್ಲು’. ಬೆರಗಾಗಿ ನಿಂತ, ಅಷ್ಟೆ. ಮುಂದಿಲ್ಲ. ಈ ಜಿಲ್ಲೆಯ ಬಸವನ ಬಾಗೇವಾಡಿಯವರಾದ ಬಸವಣ್ಣನವರ ಕಾಲದಲ್ಲಿ ಅಲ್ಲಮಪ್ರಭುಗಳು ಈ ಮಾತನ್ನು ಮತ್ತೆ ಮತ್ತೆ ಕೈಗೆತ್ತಿಕೊಂಡರು. ತಿಳಿವು ಮುಟ್ಟಿ ಹಿಂದೆ ಸರಿಯುವ ಜಾಗಕ್ಕೆ ಅವರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕಿರಲಿಕ್ಕಿಲ್ಲ. ಅಷ್ಟು ಎತ್ತರಕ್ಕೆ ನಾನು ಹೋಗಲಾರೆ. ಆದರೆ ಮಡ್ಡಿಯಲ್ಲಿ ನಿಂತು ನಿಂತು ಒಂದು ಅನುಮಾನ ಬಲಿತಿದೆ: ನಮ್ಮ ದನಿ ಹಿಂದಿರುಗಿ ಬಾರದ ಕಡೆ ಬೆರಗು ಇರುತ್ತದೆ.

ಊರೊಳಗೇ ಎಷ್ಟು ಜನ ಇದ್ದಾರೆ ಹೀಗೆ ಮಾರ್ದನಿ ಕೊಡದವರು! ಕೋಟೆಯ ಕಂದಕದಲ್ಲಿ ಆಪು ಬೆಳೆದ ಕಡೆ ಕೊಳದ ಬಕ ಮಣ್ಣಿನ ಹೆಂಟೆಯಂತೆ ಕುಳಿತಿರುತ್ತದೆ. ಎದ್ದಾಗ ಒಮ್ಮೆಗೇ ಬೆಳ್ಳಗೆ. ಬಾರಾಕಮಾನಿನ ಅರ್ಧಕ್ಕೆ ನಿಂತ ಕಮಾನುಗಳ ಮೇಲೆ ಗಿಳಿಗಳದೇ ದರಬಾರು. ಆ ಕಟ್ಟಡ ಪೂರ್ತಿಯಾಗದೆ ಉಳಿದದ್ದು ಯಾಕೆಂಬ ದಂತಕಥೆಗಳಲ್ಲಿ ಅವಕ್ಕೆ ಆಸಕ್ತಿಯಿಲ್ಲ. ಇಬ್ರಾಹಿಂ ರೋಜಾದ ಹುಲ್ಲಿನ ಮೇಲೆ ಮುಂಗುಸಿಯೊಂದು ಪ್ರವಾಸಿಗರ ಚೀಲ ಮೂಸಿ, ಎದ್ದು ನಿಂತು, ಸುತ್ತ ನೋಡಿ, ಒಲ್ಲೆ ಅನ್ನುವಂತೆ ಹೋಯಿತು. ಭೂತನಾಳ ಕೆರೆಯ ಏರಿಯ ಮೇಲೆ ನಸುಕಿನಲ್ಲಿ ವಾಕಿಂಗ್ ಹೋಗುವವರು ಮೊಬೈಲಿನ ಹಾಡು ಹಚ್ಚಿಕೊಂಡೇ ಹೋಗುತ್ತಾರೆ. ನೀರಕಾಗೆ ಅವರ ಕಡೆ ಬೆನ್ನು ಮಾಡಿ ರೆಕ್ಕೆ ಹರವಿಕೊಂಡು, ಒಣಹಾಕಿದ ಅಂಗಿಯಂತೆ ನಿಂತಿರುತ್ತದೆ.

ಈ ಊರಿನವರಿಗೆ ಹಕ್ಕಿಯ ಮುಂದೆ ನಿಲ್ಲುವುದು ಒಂದು ಕಾಲದಲ್ಲಿ ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಒಂದು ಸಾಕ್ಷಿ ಐರ್ಲೆಂಡಿನಲ್ಲಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಳ್ವಿಕೆಯಲ್ಲಿ, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇಲ್ಲಿ ಬರೆದ ಒಂದು ಚಿತ್ರ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಮೈನಾ ಹಿಡಿದ ಯೋಗಿನಿ. ಬೂದಿ ಬಣ್ಣದ ಮುಖ, ನೆತ್ತಿಯ ಮೇಲೆ ಎತ್ತರದ ಜಟೆ, ಬಂಗಾರದ ಒಡವೆ. ಹಿಂದೆ ಗುಡ್ಡದ ಮೇಲೆ ಅರಮನೆ, ಅಕ್ಕಪಕ್ಕ ಆಳೆತ್ತರದ ಹೂಗಳು. ಮೈನಾ ಎಂದರೆ ಕಲಿಸಿದ ಮಾತನ್ನು ತಿರುಗಿ ಹೇಳುವ ಹಕ್ಕಿ, ರೆಕ್ಕೆಯ ಗೋಳಗುಮ್ಮಟ. ಆದರೆ ಆ ಚಿತ್ರದಲ್ಲಿ ಇಬ್ಬರೂ ಮಾತಾಡುತ್ತಿಲ್ಲ. ಕೈಮೇಲಿನ ಹಕ್ಕಿಯನ್ನು ಮುಖದ ಹತ್ತಿರ ತಂದುಕೊಂಡು ಅವಳು ನೋಡುತ್ತಾಳೆ, ಅದೂ ನೋಡುತ್ತದೆ. ಬರೆದವನ ಹೆಸರೂ ಉಳಿದಿಲ್ಲ. ಅದರ ಛಾಯಾಪ್ರತಿಯನ್ನು ನೋಡಿದಾಗಲೆಲ್ಲ ಅರಮನೆಯನ್ನು ಅಷ್ಟು ಸಣ್ಣದು ಮಾಡಿ ಹಿಂದಕ್ಕೆ ಸರಿಸಿದ ಆ ಧೈರ್ಯಕ್ಕೆ ನಾನು ತಲೆದೂಗುತ್ತೇನೆ.

ಹೊಲದ ಕಡೆ ಬರೋಣ. ಬಬಲೇಶ್ವರದ ರಸ್ತೆಯಲ್ಲಿ ಸಾರವಾಡದ ಹತ್ತಿರ ಡೋಣಿ ದಾಟಬೇಕು. ಜತ್ತದ ಕಡೆಯಿಂದ ಬರುವ ಈ ಹೊಳೆಯ ನೀರು ಸವಳು, ಬಾಯಿಗಿಟ್ಟರೆ ಉಗುಳಬೇಕು. ಆದರೆ ಡೋಣಿಸಾಲಿನ ಎರಿ ಮಣ್ಣು ಎಂಥದೆಂದರೆ, ಡೋಣಿ ಬೆಳೆದರೆ ಓಣೆಲ್ಲ ಕಾಳು ಎಂಬ ಗಾದೆಯೇ ಇದೆ. ಅಲ್ಲಿ ನನ್ನ ಸೋದರಮಾವನ ಜೋಳದ ಹೊಲ ಇತ್ತು. ನಾನು ಕಂಡ ಮೊದಲ ಪಕ್ಷಿವೀಕ್ಷಕ ಅವನೇ. ದುರ್ಬೀನಿನ ಬದಲು ಅವನ ಕೈಯಲ್ಲಿ ಕವಣೆ ಇತ್ತು.

ಜೋಳದ ತೆನೆ ಸೀತನಿ ಆಗುವ ಹೊತ್ತಿಗೆ ಅಟ್ಟ ಕಟ್ಟಿ, ನಸುಕಿನಿಂದ ಹಕ್ಕಿ ಕಾಯಬೇಕು. ಮಣ್ಣಿನ ಹೆಂಟೆ ಕವಣೆಗಿಟ್ಟು ತಿರುವಿ “ಹೋ…ಹೋ” ಎಂದು ಕೂಗಿ ಬಿಟ್ಟರೆ ತೆನೆಗಳ ಮೇಲಿಂದ ಗುಲಾಬಿ ಕಬ್ಬಕ್ಕಿಗಳ ಒಂದು ಕಂಬಳಿಯೇ ಏಳುತ್ತಿತ್ತು. ಎದ್ದು, ಮುದುರಿ, ಬಿಚ್ಚಿ, ಇನ್ನೊಬ್ಬರ ಹೊಲದಲ್ಲಿ ಇಳಿಯುತ್ತಿತ್ತು. ಆಗ ಅಲ್ಲಿಂದ “ಹೋ…ಹೋ”. ಮಾವ ಬೈಯುತ್ತಿದ್ದ, ಅವುಗಳ ಏಳು ತಲೆಮಾರನ್ನೂ ಬಿಡದೆ ಬೈಯುತ್ತಿದ್ದ. ಆದರೆ ಯಾವ ಹಕ್ಕಿ ಯಾವ ಹೊತ್ತಿಗೆ ಯಾವ ಮೂಲೆಯಿಂದ ಬರುತ್ತದೆ, ಯಾವುದು ಕಾಳು ತಿನ್ನುತ್ತದೆ, ಯಾವುದು ಬರೀ ಹುಳ ಹೆಕ್ಕಲು ಬಂದಿದೆ ಎಂದು ಅವನಿಗೆ ಗೊತ್ತಿದ್ದಷ್ಟು ಕರಾರುವಾಕ್ಕಾಗಿ ನನ್ನ ಪುಸ್ತಕಗಳೂ ಹೇಳುವುದಿಲ್ಲ. ವೈರಿಯನ್ನು ಗಮನಿಸಿದಷ್ಟು ಶ್ರದ್ಧೆಯಿಂದ ಪ್ರೀತಿಸಿದವರನ್ನೂ ನಾವು ಗಮನಿಸುವುದಿಲ್ಲವೋ ಏನೋ.

ಈ ಗುಲಾಬಿ ಕಬ್ಬಕ್ಕಿಗಳು ಮಧ್ಯ ಏಷ್ಯಾದಿಂದ, ಪೂರ್ವ ಯುರೋಪಿನಿಂದ ಬರುತ್ತವೆ. ಮಿಡತೆಗಳ ಹಿಂಡು ಹಿಂಬಾಲಿಸಿ ಮರಿ ಮಾಡುವುದು ಅವುಗಳ ರೀತಿ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಹುಲ್ಲುಗಾವಲಿನ ಮಿಡತೆ ತಿಂದು ಉಪಕಾರ ಮಾಡಲಿ ಎಂದು ಇದೇ ಹಕ್ಕಿಗೆ ಗೂಡಿನ ಜಾಗ ಕಟ್ಟಿಸಿಕೊಟ್ಟು ಕರೆಯುತ್ತಾರೆ. ಅಲ್ಲಿ ಬೀಗರ ಉಪಚಾರ, ಇಲ್ಲಿ ಕವಣೆ ಕಲ್ಲು. ಮಾವನಿಗೆ ಇದನ್ನು ಹೇಳಿದ್ದರೆ “ಹಂಗಾರ ಅಲ್ಲೇ ಇರಲಿ, ಇಲ್ಲ್ಯಾಕ ಬರತಾವು?” ಎನ್ನುತ್ತಿದ್ದ.

ಸಂಜೆ ಅವು ಜಾಲಿಗಿಡಗಳಿಗೆ ಮಲಗಲು ಬರುವ ಮೊದಲು ಆಕಾಶದಲ್ಲಿ ಮಾಡುವ ಆಟವನ್ನು ಮಾತ್ರ ಅವನೂ ಬೈಯದೆ ನೋಡುತ್ತಿದ್ದ. ಸಾವಿರಾರು ಹಕ್ಕಿ ಒಂದೇ ಮೈಯಾಗಿ ಹೊರಳುವುದು. ಇವುಗಳ ದಾಯಾದಿಗಳಾದ ಕಬ್ಬಕ್ಕಿಗಳನ್ನು ರೋಮ್ ನಗರದ ಮೇಲೆ ಕ್ಯಾಮೆರಾ ಹಚ್ಚಿ ಅಳೆದ ಇಟಲಿಯ ಭೌತವಿಜ್ಞಾನಿಗಳು 2008ರಲ್ಲಿ ಒಂದು ಲೆಕ್ಕ ಕೊಟ್ಟರು. ಅವರಲ್ಲೊಬ್ಬರಾದ ಜಾರ್ಜಿಯೊ ಪರಿಸಿ ಮುಂದೆ 2021ರಲ್ಲಿ ನೊಬೆಲ್ ಪಡೆದರು. ಹಿಂಡಿನ ಯಾವ ಹಕ್ಕಿಯೂ ಇಡೀ ಹಿಂಡನ್ನು ಗಮನಿಸುವುದಿಲ್ಲ. ಪ್ರತಿಯೊಂದೂ ತನಗೆ ಹತ್ತಿರದ ಆರೇಳು ಹಕ್ಕಿಗಳ ಕಡೆಗಷ್ಟೇ ಗಮನವಿಟ್ಟು ತಿರುಗುತ್ತದೆ. ಆ ಆರೇಳರ ನಂಟೇ ಹಬ್ಬಿ ಆಕಾಶ ಹೊರಳುತ್ತದೆ. ಓದಿದಾಗ ನಗು ಬಂತು. ಗುಮ್ಮಟದೊಳಗೆ ನಾವೂ ಏಳನ್ನೇ ಎಣಿಸುತ್ತೇವೆ, ಆದರೆ ಏಳೂ ನಮ್ಮದೇ ದನಿ.

ಜೋಳ ಕಡಿಮೆಯಾಯಿತು. ಕಬ್ಬು, ತೊಗರಿ, ದ್ರಾಕ್ಷಿ ಬಂದವು. ಅಟ್ಟ ಕಟ್ಟುವವರಿಲ್ಲ. ಹಕ್ಕಿ ಕಾಯುವವನಿಲ್ಲದ ಹೊಲ ನೋಡಿದರೆ ಪ್ರೇಕ್ಷಕರಿಲ್ಲದ ಬಯಲಾಟದ ಹಾಗೆ ಕಾಣುತ್ತದೆ.

ತಿಕೋಟಾದ ನೆಲ ಬೇರೆ. ಡೋಣಿಸಾಲಿನ ಎರಿ ಹಿಂದಾಗಿ ಕೆಂಪು ಗರಸು ಏಳುತ್ತದೆ. ಅದೇ ಮಡ್ಡಿ. ಕಣ್ಣಿಗೆ ಬರಡು. ಅಲ್ಲಿ ಬೇಸಗೆಯ ಹೊತ್ತು ಸುಮ್ಮನೆ ನಿಂತರೆ ಕಾಲ ಬಳಿಯ ಹೆಂಟೆಯೊಂದು ಓಡುತ್ತದೆ, ಅದು ನೆಲಗುಬ್ಬಿ. ಗಂಡಿನ ಹೊಟ್ಟೆ ಕಪ್ಪು, ಬೆನ್ನು ಮಣ್ಣು. ಅದು ಸಿಳ್ಳು ಹಾಕುತ್ತ ಮೇಲೇರಿ, ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ನೆಲ ತಾಗುವ ಮುನ್ನ ಮತ್ತೆ ಏರಿ, ಮತ್ತೆ ಬಿದ್ದು… ಹೆಣ್ಣು ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ನೋಡುತ್ತಿರಬೇಕು, ಎಲ್ಲೋ.

ಇದೇ ಮಡ್ಡಿಯಲ್ಲಿ ಸ್ಯಾಂಡ್‌ಗ್ರೌಸ್ ಇವೆ, ಪಾರಿವಾಳದಷ್ಟು ಗಾತ್ರದ ನೆಲದ ಹಕ್ಕಿ. ಬರದ ವರ್ಷಗಳಲ್ಲಿ ತಿಕೋಟಾದ ಕಡೆಯ ರೈತರು ದ್ರಾಕ್ಷಿಬಳ್ಳಿ ಸಾಯಬಾರದೆಂದು ಟ್ಯಾಂಕರಿನಲ್ಲಿ ನೀರು ತರಿಸಿ ಹೊಯ್ದದ್ದನ್ನು ನಾವೆಲ್ಲ ಕಂಡಿದ್ದೇವೆ. ಸಾಲದ ಮೇಲೆ ಸಾಲ ಮಾಡಿ ನೀರು ಕೊಂಡವರಿದ್ದಾರೆ. ಈ ಹಕ್ಕಿಯ ಗಂಡು ಮಾಡುವುದೂ ಅದನ್ನೇ. ಬೆಳಗಿನಲ್ಲಿ ಹಾರಿ ಹೊಂಡಕ್ಕೆ ಬಂದು, ತಾನು ಕುಡಿದು, ಹೊಟ್ಟೆಯ ಗರಿಗಳನ್ನು ನೀರಲ್ಲಿ ಅದ್ದಿ ಅಲುಗಿಸಿ ನೆನೆಸಿಕೊಳ್ಳುತ್ತದೆ. ಆ ಗರಿಗಳ ನೇಯ್ಗೆಯೇ ಸ್ಪಂಜಿನಂತೆ. ಹಾಗೇ ಹಾರಿಹೋಗಿ ಬಯಲಲ್ಲಿ ನಿಂತರೆ ಮರಿಗಳು ಅಡಿಗೆ ಬಂದು ಆ ಗರಿ ಚೀಪಿ ನೀರು ಕುಡಿಯುತ್ತವೆ. ನನ್ನನ್ನು ಸರ್ವೇದವನೆಂದು ತಿಳಿದಿದ್ದ ಒಬ್ಬ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಖರೇನ?” ಎಂದರು. “ಖರೆ” ಎಂದೆ. “ಹಂಗಾರ ಅವಕ್ಕೂ ಬಾಡಿಗಿ ಇಲ್ಲ ನೋಡ್ರಿ” ಎಂದು ಬೈಕು ಹತ್ತಿದರು.

ಈಗ ಕೃಷ್ಣೆಯ ನೀರು ಎತ್ತಿ ಕೆರೆ ತುಂಬಿಸುತ್ತಿದ್ದಾರೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ 1633ರಲ್ಲಿ ಮಹಮ್ಮದ ಆದಿಲ್‌ಶಾಹ ಕಟ್ಟಿಸಿದ ದೊಡ್ಡ ಕೆರೆಯಲ್ಲಿ ನೀರು ನಿಂತದ್ದನ್ನು ನೋಡಿದವರಿಗೆ ಕಣ್ಣು ತಣ್ಣಗಾಗುತ್ತದೆ. ಬಾತು, ಬಕ, ಮೆಟ್ಟುಗೋಲು ಹಕ್ಕಿ, ಎಲ್ಲ ಬಂದಿವೆ. ನೀರು ಬೇಡವೆನ್ನುವ ಧಿಮಾಕು ವಿಜಯಪುರದಲ್ಲಿ ಹುಟ್ಟಿದವನಿಗೆ ಬರುವುದಿಲ್ಲ. ಆದರೆ ನೀರು ಮುಟ್ಟಿದ ಕಡೆ ಮಡ್ಡಿ ಉಳಿಯುವುದಿಲ್ಲ. ಬರೀ ಗಾಯರಾಣ ಬಿದ್ದಿದೆ, ಗಿಡವಾದರೂ ನೆಡೋಣ ಎನ್ನುವ ಒಳ್ಳೆಯ ಮನಸ್ಸಿನವರೂ ಇದ್ದಾರೆ. ಹುಲ್ಲೂ ಒಂದು ಅಡವಿ ಎಂದು ನಾವು ಒಪ್ಪಿಯೇ ಇಲ್ಲ. ಚಳಿಗಾಲಕ್ಕೆ ದೂರದ ಹುಲ್ಲುಗಾಡಿನಿಂದ ಬರುವ ಸೆಳೆವ ಎಂಬ ಗಿಡುಗ ರಾತ್ರಿ ಮಲಗುವುದು ಮರದ ಮೇಲಲ್ಲ, ಹುಲ್ಲಿನೊಳಗೆ, ನೆಲದ ಮೇಲೆ. ಎರೆ ನೆಲದ ದೊರೆಯಾಗಿದ್ದ ಎರ್ಲಡ್ಡು ಹಕ್ಕಿಗೆಂದು ನೂರು ಕಿಲೋಮೀಟರ್ ಆಚೆ ಸೊಲ್ಲಾಪುರದ ನಾನ್ನಜದಲ್ಲಿ 1979ರಲ್ಲೇ ಧಾಮ ಮಾಡಿದರು. ಈಗ ದೇಶದಲ್ಲೆಲ್ಲ ಹುಡುಕಿದರೂ ಅವು ಇನ್ನೂರು ಮುಟ್ಟುವುದಿಲ್ಲ, ಇರುವವೂ ಬಹುಪಾಲು ರಾಜಸ್ಥಾನದ ಮರುಭೂಮಿಯಲ್ಲಿ. ಮಾವನ ಅಪ್ಪ ನೋಡಿದ್ದನಂತೆ. ನಾನು ನೋಡಿಲ್ಲ.

ತೋಳದ ಮಾತನ್ನು ಕುರುಬರ ಬಾಯಲ್ಲೇ ಕೇಳಬೇಕು. ಕುರಿ ಕಳೆದುಕೊಂಡವರು ಅವರು. ಆದರೂ ಕಂಬಳಿ ಹೊದ್ದು ಬೀಡಿ ಹಚ್ಚಿ ತೋಳ ಬಂದ ರಾತ್ರಿಯನ್ನು ಹೇಳುವಾಗ ಅವರ ದನಿಯಲ್ಲಿ ಒಂದು ಮರ್ಯಾದೆ ಇರುತ್ತದೆ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಕುರುಬರದಿರಲಿಕ್ಕಿಲ್ಲ, ಅದು ಊರೊಳಗಿನವರದೇ ಇರಬೇಕು.

ನರಿಯನ್ನು ನಾನೇ ಕಂಡೆ. ತೊರವಿ ದಾಟಿದ ಮೇಲೆ, ರಸ್ತೆಯಿಂದ ಒಂದು ಫರ್ಲಾಂಗು ಒಳಗೆ, ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಬಾಲದ ತುದಿ ಕಪ್ಪಾಗಿರುವ ನಮ್ಮ ಬಯಲಿನ ಸಣ್ಣ ನರಿ. ಬಿಲದ ಬಾಯಲ್ಲಿ ಕುಳಿತಿತ್ತು. ದುರ್ಬೀನು ಎತ್ತಿದೆ, ಅದೂ ಕಿವಿ ಎತ್ತಿತು. ಇಷ್ಟು ವರ್ಷ ನೋಡುವುದು ನನ್ನ ಕೆಲಸ, ಕಾಣುವುದು ಅವುಗಳ ಕೆಲಸ ಎಂದುಕೊಂಡಿದ್ದವನಿಗೆ ಆ ಗಳಿಗೆಯಲ್ಲಿ ಯಾರ ಕೆಲಸ ಯಾವುದು ಎಂಬುದು ಅದಲುಬದಲಾಯಿತು. ಅದರ ಕಣ್ಣಿನಲ್ಲಿ ಹೆದರಿಕೆಯಿರಲಿಲ್ಲ, ಸ್ನೇಹವೂ ಇರಲಿಲ್ಲ. ಎರಡೂ ನಮ್ಮ ಭಾಷೆಯ ಮಾತುಗಳು. ನನ್ನ ಹೆಸರು, ವಯಸ್ಸು, ನೌಕರಿ, ಮೊಣಕಾಲ ನೋವು ಯಾವುದೂ ಅದರೊಳಗೆ ಬಿದ್ದು ತಿರುಗಿ ಬರಲಿಲ್ಲ. ಎಷ್ಟು ಹೊತ್ತೋ. ಆಮೇಲೆ ಅದು ಆಕಳಿಸಿತು. ನಿಜವಾಗಿ, ಬಾಯಿ ತೆರೆದು ಆಕಳಿಸಿ, ಬಿಲದೊಳಗೆ ಹೋಯಿತು.

ಮನೆಗೆ ಬಂದು ಹೇಳಿದರೆ “ನರಿ ಮುಖಾ ನೋಡೀರಿ, ಇವತ್ತ ನಿಮಗ ಏನರೆ ಒಳ್ಳೇದಾಗತೈತಿ” ಎಂದರು ಮನೆಯವರು. ಸಂಜೆಯವರೆಗೂ ಏನೂ ಆಗಲಿಲ್ಲ. ಬೆಳಗ್ಗೆಯೇ ಆಗಿಹೋಗಿತ್ತಲ್ಲ.

ಹೋದ ವರ್ಷದ ಎಳ್ಳಮವಾಸ್ಯೆಗೆ ಬಬಲೇಶ್ವರದ ಕಡೆ ಗೆಳೆಯರ ಹೊಲಕ್ಕೆ ಹೋಗಿದ್ದೆವು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣಿಗಾಯಿ, ಪುಂಡಿಪಲ್ಯ, ಕಡಬು. ಉಣ್ಣುವ ಮೊದಲು ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದರು. ಒಬ್ಬರು ಮುಂದೆ ಚೆಲ್ಲುತ್ತ, ಒಬ್ಬರು ಹಿಂದೆ ನೀರು ಚಿಮುಕಿಸುತ್ತ. ಭೂಮಿತಾಯಿಗೆ ಎನ್ನುತ್ತಾರೆ. ಯಾರು ತಿಂದರು ಎಂದು ನೋಡಲು ಯಾರೂ ಹೋಗುವುದಿಲ್ಲ. ನನ್ನದು ಕೆಟ್ಟ ಚಾಳಿ. ರಾತ್ರಿ ಅಲ್ಲೇ ಉಳಿದು ನಸುಕಿನಲ್ಲಿ ಗೆಳೆಯರನ್ನೂ ಎಬ್ಬಿಸಿಕೊಂಡು ಬದುವಿಗೆ ಹೋದೆ. ಕಡಬು ಇರಲಿಲ್ಲ. ನೀರು ಹಾಯಿಸಿದ ಸಾಲಿನ ಹಸಿ ಎರಿಯಲ್ಲಿ ಹೆಜ್ಜೆಗಳಿದ್ದವು, ಸಣ್ಣವು, ಉಗುರಿನ ಗುರುತು ಮೂಡಿದವು, ಒಂದರ ಹಿಂದೊಂದು ದಾರ ಹಿಡಿದಂತೆ ನೇರ ಹೋದವು.

“ನರಿ” ಎಂದೆ ನಾನು.

ಗೆಳೆಯರು ಬಗ್ಗಿ ನೋಡಿದರು. “ನಾಯಿ ಇರಬೇಕ್ರಿ” ಎಂದರು. ಎಂದವರು ಎದ್ದು ಊರಿನ ಕಡೆ ತಿರುಗಲಿಲ್ಲ. ಹೆಜ್ಜೆ ಹೋದ ಕಡೆಗೇ, ಮಂಜು ಕವಿದ ಜೋಳದ ಸಾಲಿನೊಳಗೆ ನೋಡುತ್ತ ಹಾಗೇ ನಿಂತರು.